ಡಯಟ್ ಮಾಡಿದರೂ, ವಾಕಿಂಗ್ ಮಾಡಿದರೂ ತೂಕ ಇಳಿಯುತ್ತಿಲ್ಲವೇ? ರೊಟ್ಟಿ ಬಿಡುವ ಮೊದಲು ಇಷ್ಟು ಮಾಡಿ

ಡಯಟ್ ಶುರು ಮಾಡಿದ ಮೊದಲ ಎರಡು-ಮೂರು ತಿಂಗಳು ತೂಕ ಸರಸರ ಇಳಿಯುತ್ತದೆ. ಆಮೇಲೆ ನಿಂತುಬಿಡುತ್ತದೆ. ಊಟ ಅದೇ, ಉಣಕಲ್ ಕೆರೆ ದಂಡೆಯ ವಾಕಿಂಗ್ ಅದೇ, ಮಷಿನ್ ತೋರಿಸುವ ಅಂಕಿಯೂ ಅದೇ. ಆಗ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಹೆಚ್ಚಿನವರು ಮಾಡುವ ಮೊದಲ ಕೆಲಸ ರಾತ್ರಿ ರೊಟ್ಟಿ ಬಿಡುವುದು. ಎರಡನೆಯದು ವಾಕಿಂಗ್ ಇನ್ನಷ್ಟು ಉದ್ದ ಮಾಡುವುದು. ನನ್ನ ಪ್ರಕಾರ ಈ ಎರಡೂ ಸದ್ಯಕ್ಕೆ ಬೇಡ. ರೊಟ್ಟಿ ಬಿಟ್ಟವರ ಕೈ ರಾತ್ರಿ ಹತ್ತು ಗಂಟೆಗೆ ಚುರಮರಿ ಡಬ್ಬಿಗೆ ಹೋಗುತ್ತದೆ. ಅದು ಎಲ್ಲ ಮನೆಯ ಕಥೆ.

ತೂಕ ನಿಲ್ಲುವುದಕ್ಕೆ ಕಾರಣ ಹೆಚ್ಚಾಗಿ ರೊಟ್ಟಿ ಅಲ್ಲ, ರೊಟ್ಟಿಯ ಜೊತೆ ತಟ್ಟೆಗೆ ಬರುವ ಸಾಮಾನು. ಅದನ್ನು ಹುಡುಕುವ ಕ್ರಮ ಕೆಳಗಿದೆ. ಒಂದರ ಹಿಂದೆ ಒಂದು ಮಾಡಿ, ಎಲ್ಲವನ್ನೂ ಒಂದೇ ವಾರ ಹಚ್ಚಿಕೊಳ್ಳಬೇಡಿ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು, ಬಸುರಿಯರು, ಬಾಣಂತಿಯರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಇನ್ಸುಲಿನ್ ಪ್ರಮಾಣ ಹಾಗೇ ಇಟ್ಟು ಊಟ ಮಾತ್ರ ಕಡಿಮೆ ಮಾಡಿದರೆ ಸಕ್ಕರೆ ಪಾತಾಳಕ್ಕೆ ಇಳಿದು ತಲೆ ಸುತ್ತಿ ಬೀಳುವ ಅಪಾಯ ಇದೆ.

ಹೆಜ್ಜೆ 1: ತೂಕ ನಿಜವಾಗಿ ನಿಂತಿದೆಯೇ, ನೋಡಿ

ಒಂದು ವಾರ ಅಂಕಿ ಅಲುಗದಿದ್ದರೆ ಅದನ್ನು ನಿಂತಿದೆ ಎಂದು ಲೆಕ್ಕ ಹಿಡಿಯಬೇಡಿ. ಮೈಯ ನೀರಿನ ಏರಿಳಿತದಿಂದಲೇ ದಿನಕ್ಕೆ ಒಂದು-ಒಂದೂವರೆ ಕಿಲೋ ವ್ಯತ್ಯಾಸ ಆಗುತ್ತದೆ. ರಾತ್ರಿ ಹಪ್ಪಳ, ಉಪ್ಪಿನಕಾಯಿ, ಖಾರದ ಸಾವಜಿ ಊಟ ಮಾಡಿದರೆ ಉಪ್ಪಿನ ಜೊತೆ ನೀರು ಮೈಯಲ್ಲಿ ಉಳಿಯುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಹಾಗೇ ಆಗುತ್ತದೆ. ಹೊಸದಾಗಿ ಜಿಮ್‌ಗೆ ಹೋಗಲು ಶುರು ಮಾಡಿ ಮೈ-ಕೈ ನೋಯುತ್ತಿದ್ದರೆ, ಆ ಸ್ನಾಯುಗಳೂ ಕೆಲವು ದಿನ ನೀರು ಹಿಡಿದುಕೊಳ್ಳುತ್ತವೆ. ಒಳಗೆ ಕೊಬ್ಬು ಕರಗುತ್ತಲೇ ಇರುತ್ತದೆ, ಮೇಲೆ ನೀರು ಅದನ್ನು ಮುಚ್ಚಿರುತ್ತದೆ.

ಮೊದಲ ತಿಂಗಳಿನ ಆ ಸರಸರ ಇಳಿತದಲ್ಲೂ ನೀರಿನ ಪಾಲು ದೊಡ್ಡದು. ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸಕ್ಕರೆ ಕೂಡಿಟ್ಟಿರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಊಟ ಕಡಿಮೆ ಆದ ಕೂಡಲೇ ಇವೆರಡೂ ಹೊರಟುಹೋಗುತ್ತವೆ. ಹಾಗಾಗಿ ಮೊದಲ ತಿಂಗಳ ವೇಗವನ್ನು ಅಳತೆಗೋಲು ಮಾಡಿಕೊಂಡರೆ ಮುಂದಿನ ಎಲ್ಲ ತಿಂಗಳೂ ಸೋತಂತೆಯೇ ಕಾಣುತ್ತದೆ.

ತೂಕ ನೋಡುವ ರೀತಿ ಹೀಗಿರಲಿ. ಬೆಳಿಗ್ಗೆ ಎದ್ದು ಸಂಡಾಸಕ್ಕೆ ಹೋಗಿ ಬಂದ ಮೇಲೆ, ಚಾ ಕುಡಿಯುವ ಮೊದಲು. ಒಂದೇ ಮಷಿನ್, ಗಟ್ಟಿ ನೆಲದ ಮೇಲೆ. ದಿನಾ ಬರೆಯಿರಿ, ಆದರೆ ದಿನದ ಅಂಕಿಗೆ ಬೆಲೆ ಕೊಡಬೇಡಿ. ಏಳು ದಿನದ್ದು ಕೂಡಿಸಿ ಏಳರಿಂದ ಭಾಗಿಸಿ ವಾರದ ಸರಾಸರಿ ತೆಗೆಯಿರಿ. ಮುಟ್ಟಾಗುವ ಹೆಣ್ಣುಮಕ್ಕಳು ಈ ವಾರವನ್ನು ಹಿಂದಿನ ವಾರಕ್ಕೆ ಹೋಲಿಸಬಾರದು, ಹಿಂದಿನ ತಿಂಗಳ ಅದೇ ವಾರಕ್ಕೆ ಹೋಲಿಸಬೇಕು. ಜೊತೆಗೆ ಟೇಪು ಹಿಡಿದು ಸೊಂಟದ ಸುತ್ತಳತೆ ಬರೆದಿಡಿ, ಎರಡು ವಾರಕ್ಕೊಮ್ಮೆ ಸಾಕು. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು ಸುತ್ತಿ, ಉಸಿರು ಸಹಜವಾಗಿ ಬಿಟ್ಟು ಅಳೆಯಿರಿ. ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಹೊಟ್ಟೆಯ ಕೊಬ್ಬು ಹೆಚ್ಚಾಗಿದೆ ಎಂದು ಅರ್ಥ.

ನಾಲ್ಕು ವಾರ ಸರಾಸರಿಯೂ ಇಳಿದಿಲ್ಲ, ಸೊಂಟವೂ ಇಳಿದಿಲ್ಲ ಅಂದರೆ ತೂಕ ನಿಂತಿದೆ. ಮುಂದಿನ ಹೆಜ್ಜೆಗೆ ಬನ್ನಿ. ಸೊಂಟ ಇಳಿಯುತ್ತಿದ್ದು ತೂಕ ಮಾತ್ರ ನಿಂತಿದ್ದರೆ ಏನನ್ನೂ ಬದಲಿಸಬೇಡಿ.

ಹೆಜ್ಜೆ 2: ಈಗಿನ ತೂಕಕ್ಕೆ ಲೆಕ್ಕ ಹೊಸದಾಗಿ ಹಾಕಿ

ಮೈ ಹಗುರ ಆದಂತೆ ಅದಕ್ಕೆ ಬೇಕಾಗುವ ಶಕ್ತಿಯೂ ಕಡಿಮೆ ಆಗುತ್ತದೆ. ಹಳೆಯ ಊಟದ ಪಟ್ಟಿ ಹಳೆಯ ಮೈಗೆ ಬರೆದದ್ದು.

ಒಂದು ಲೆಕ್ಕ ಮಾಡಿ ನೋಡೋಣ. ಧಾರವಾಡದ ಒಬ್ಬ ಶಿಕ್ಷಕಿ ಎಂದುಕೊಳ್ಳಿ. ವಯಸ್ಸು 42, ಎತ್ತರ 158 ಸೆಂ.ಮೀ., 78 ಕಿಲೋದಿಂದ 70ಕ್ಕೆ ಇಳಿದಿದ್ದಾರೆ. ಡಯಟಿಷಿಯನ್‌ಗಳು ಹೆಚ್ಚಾಗಿ ಬಳಸುವ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ ಹೀಗಿದೆ: ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದು ಪಟ್ಟು ಕಳೆಯಿರಿ. ಹೆಂಗಸರಾದರೆ ಇನ್ನೂ 161 ಕಳೆಯಿರಿ, ಗಂಡಸರಾದರೆ 5 ಕೂಡಿಸಿ. ಸುಮ್ನೆ ಮಲಗಿದ್ದರೂ ಮೈಗೆ ಬೇಕಾಗುವ ಕ್ಯಾಲರಿ ಅದು. ಈ ಶಿಕ್ಷಕಿಗೆ 78 ಕಿಲೋ ಇದ್ದಾಗ ಸುಮಾರು 1,395 ಬೇಕಿತ್ತು, ಈಗ 1,315 ಸಾಕು. ಓಡಾಟ, ಮನೆಗೆಲಸ ಸೇರಿಸಲು 1.4ರಿಂದ ಗುಣಿಸಿದರೆ ಮೊದಲು ಸುಮಾರು 1,955, ಈಗ 1,840.

ಅವರು ಮೊದಲಿನಿಂದ 1,600 ಕ್ಯಾಲರಿ ಊಟ ಮಾಡುತ್ತಿದ್ದಾರೆ ಎನ್ನಿ. ಶುರುವಿನಲ್ಲಿ ದಿನಕ್ಕೆ 355 ಕೊರತೆ ಇತ್ತು, ಈಗ 240 ಮಾತ್ರ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ಅಂದರೆ ಈಗ ವಾರಕ್ಕೆ ಇಳಿಯುವುದು 200 ಗ್ರಾಂ ಚಿಲ್ಲರೆ. ಒಂದು ದಿನದ ಉಪ್ಪಿನಕಾಯಿ ಇದನ್ನು ಮುಚ್ಚಿಬಿಡುತ್ತದೆ! ಇದರ ಮೇಲೆ ತೂಕ ಇಳಿಸಿದ ಮೈ ತಾನಾಗಿಯೇ ಸ್ವಲ್ಪ ಕಂಜೂಸ್ ಆಗುತ್ತದೆ. ಕೂತಲ್ಲಿಂದ ಏಳುವುದು ಕಡಿಮೆ, ಹಸಿವು ಜಾಸ್ತಿ. ಹಾಗಾಗಿ ನಿಜವಾದ ಕೊರತೆ 240ಕ್ಕಿಂತ ಕಡಿಮೆಯೂ ಇರಬಹುದು.

ಈ 240 ಎಂಬ ಅಂಕಿ ನೆನಪಿಡಿ. ನಮ್ಮ ಅಡುಗೆಮನೆಯಲ್ಲಿ ಯಾರ ಗಮನಕ್ಕೂ ಬರದೆ 240 ಕ್ಯಾಲರಿ ಸೋರುವುದು ಬಹಳ ಸುಲಭ.

ಹೆಜ್ಜೆ 3: ಸೋರಿಕೆ ಹುಡುಕಿ (ಇಲ್ಲಿ ಎರಡು ವಾರ ಕೊಡಿ)

1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 1,200 ಕ್ಯಾಲರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಜನರನ್ನು ಅದರಲ್ಲಿ ಪರೀಕ್ಷಿಸಿದ್ದರು. ಅವರ ಮೈ ಶಕ್ತಿ ಖರ್ಚು ಮಾಡುವ ರೀತಿ ಸರಿಯಾಗಿಯೇ ಇತ್ತು. ತಿಂದದ್ದನ್ನು ಅವರು ಸರಾಸರಿ 47% ಕಡಿಮೆ ಹೇಳಿದ್ದರು, ಮಾಡಿದ ದೈಹಿಕ ಚಟುವಟಿಕೆಯನ್ನು 51% ಹೆಚ್ಚು ಹೇಳಿದ್ದರು. ಸುಳ್ಳು ಹೇಳುವವರಲ್ಲ ಅವರು. ಕಣ್ಣಂದಾಜು ಎಲ್ಲರಿಗೂ ಕೈಕೊಡುತ್ತದೆ.

ಆದ್ದರಿಂದ ಎರಡು ವಾರದ ಮಟ್ಟಿಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ಅಡುಗೆಮನೆಯಲ್ಲಿ ಇಡಿ. ಈ ಎರಡು ವಾರ ಊಟ ಬದಲಿಸಬೇಡಿ, ಬರೆಯಿರಿ ಅಷ್ಟೇ.

ಮೊದಲು ರೊಟ್ಟಿಯನ್ನೇ ತೂಗಿ, ಅದರ ಮೇಲಿನ ಅನುಮಾನ ಹೋಗಲಿ. ಜೋಳದ ಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 340 ಕ್ಯಾಲರಿ. ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿದರೆ ಒಂದಕ್ಕೆ 200. ಖಡಕ್ ರೊಟ್ಟಿ ಹಗುರ, ಎಷ್ಟು ತಿಂದರೂ ನಡೆಯುತ್ತದೆ ಎಂಬ ಮಾತು ಕೇಳಿರುತ್ತೀರಿ. ಅದರಲ್ಲಿ ಹೋಗಿರುವುದು ನೀರು, ಹಿಟ್ಟು ಎಲ್ಲಿಗೂ ಹೋಗಿಲ್ಲ. ತೂಗಿ ಲೆಕ್ಕ ಹಾಕಿ. ಹಾಗೆ ನೋಡಿದರೂ ರೊಟ್ಟಿ ಎಣಿಸಲು ಸುಲಭವಾದ ಊಟ. ಎರಡು ಅಂದರೆ ಎರಡು.

ಎಣಿಕೆಗೆ ಸಿಗದೇ ಇರುವುದು ಶೇಂಗಾ ಚಟ್ನಿ. ಶೇಂಗಾದ ಅರ್ಧದಷ್ಟು ತೂಕ ಎಣ್ಣೆಯೇ. 100 ಗ್ರಾಂಗೆ 560ರ ಮೇಲೆ ಕ್ಯಾಲರಿ. ಎರಡು ದೊಡ್ಡ ಚಮಚ ಚಟ್ನಿ ತಟ್ಟೆಯ ಅಂಚಿಗೆ ಬಿತ್ತು ಅಂದರೆ 120 ಕ್ಯಾಲರಿ. ಅದಕ್ಕೆ ಕುಸುಬಿ ಎಣ್ಣೆಯೋ ಗಟ್ಟಿ ಮೊಸರೋ ಹಾಕಿ ಕಲಸಿದರೆ ಇನ್ನೂ ಮೇಲೆ. ಗುರೆಳ್ಳು, ಅಗಸಿ ಚಟ್ನಿ ತಿನ್ನುವವರು ಇದು ಆರೋಗ್ಯಕ್ಕೆ ಒಳ್ಳೆಯದು ಎಂದು ಲೆಕ್ಕವೇ ಇಡುವುದಿಲ್ಲ. ಒಳ್ಳೆಯದು ನಿಜ, ಆದರೆ ಅವೂ ಎಣ್ಣೆಕಾಳುಗಳೇ. ಚಟ್ನಿ ಬಿಡಬೇಡಿ. ಡಬ್ಬಿಯಲ್ಲಿ ಒಂದು ಸಣ್ಣ ಚಮಚ ಇಟ್ಟು, ಊಟಕ್ಕೆ ಒಂದೇ ಚಮಚ ಎಂದು ಗೊತ್ತು ಮಾಡಿ. ಮಿಕ್ಕ ರುಚಿಗೆ ನಮ್ಮ ಹಳೇ ಪದ್ಧತಿಯೇ ಇದೆ: ಉಳ್ಳಾಗಡ್ಡಿ, ಸವತಿಕಾಯಿ, ಮೂಲಂಗಿ, ಹಸಿ ಮೆಂತ್ಯ, ಹತ್ತರಕಿ ಪಲ್ಲೆ. ಇವು ತಟ್ಟೆ ತುಂಬ ಇದ್ದರೂ ಲೆಕ್ಕ ಕೆಡುವುದಿಲ್ಲ. ಹೋಟೆಲಿನ ಖಾನಾವಳಿಯಲ್ಲೂ ಕೇಳಿದರೆ ಇನ್ನೊಮ್ಮೆ ಕೊಡುತ್ತಾರೆ.

ಎಣ್ಣೆಯನ್ನು ತಟ್ಟೆಯಲ್ಲಿ ಅಳೆಯಲಾಗದು, ತಿಂಗಳಿನಲ್ಲಿ ಅಳೆಯಿರಿ. ಪಾಕೀಟು ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 4 ಲೀಟರ್ ಮುಗಿದರೆ ತಲೆಗೆ ದಿನಕ್ಕೆ ಸುಮಾರು 270 ಕ್ಯಾಲರಿ ಎಣ್ಣೆಯಿಂದಲೇ ಬಂತು. ತಲೆಗೆ ಅರ್ಧ ಲೀಟರಿಗೆ ಇಳಿಸಿದರೆ ಅದು 135. ಯಾರೂ ಹೊಟ್ಟೆ ಹಸಿದು ಕೂತಿಲ್ಲ, ದಿನಕ್ಕೆ 135 ಉಳಿಯಿತು. ಕಷ್ಟ ಇರುವುದು ಎಣ್ಣೆಗಾಯಿ ಬದನೆಕಾಯಲ್ಲಿ. ಅದನ್ನು ಎಣ್ಣೆ ಇಲ್ಲದೆ ಮಾಡಿ ಎಂದು ಹೇಳುವ ಧೈರ್ಯ ನನಗಿಲ್ಲ. ವಾರಕ್ಕೆ ಒಮ್ಮೆ ಸರಿಯಾಗಿಯೇ ಮಾಡಿ, ಉಳಿದ ದಿನ ಪುಂಡಿ ಪಲ್ಯ, ರಾಜಗಿರಿ, ಕಾಳು ಪಲ್ಯ ಮಾಡಿ.

ಇನ್ನು ಚಾ. ಅರ್ಧ ಕಪ್ ಚಾದಲ್ಲಿ ಎರಡು ಚಮಚ ಸಕ್ಕರೆ ಮತ್ತು ಎಮ್ಮೆ ಹಾಲು ಸೇರಿ 70-80 ಕ್ಯಾಲರಿ ಆಗುತ್ತದೆ. ಆಫೀಸಿನಲ್ಲಿ ಎರಡು, ಮನೆಯಲ್ಲಿ ಎರಡು, ಯಾರೋ ಬಂದರು ಅಂತ ಒಂದು. ಲೆಕ್ಕ ನೀವೇ ಮಾಡಿ. ಸಕ್ಕರೆ ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆ ತಕರಾರು ಮಾಡುವುದಿಲ್ಲ. ಬೆಲ್ಲ ಹಾಕಿದರೆ ತೂಕ ಏರುವುದಿಲ್ಲ ಎನ್ನುವುದು ಸುಳ್ಳು, ಗ್ರಾಂ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ.

ಸಂಜೆಯ ಗಿರ್ಮಿಟ್-ಮಿರ್ಚಿಯಲ್ಲಿ ಗಿರ್ಮಿಟ್ ಅಷ್ಟೊಂದು ತೊಂದರೆ ಅಲ್ಲ, ಚುರಮರಿ ಹಗುರವೇ. ಮಿರ್ಚಿ ಕುಡಿದ ಎಣ್ಣೆ ತೊಂದರೆ. ಪೇಢೆ ದೊಡ್ಡದಾದರೆ ಒಂದಕ್ಕೆ 100ರ ಹತ್ತಿರ. ಪೇಢೆಯ ಊರಲ್ಲಿ ಇದ್ದು ಅದನ್ನು ತಿನ್ನದೇ ಇರಿ ಎಂದರೆ ಯಾರು ಕೇಳುತ್ತಾರೆ? ಒಂದು ತಿನ್ನಿ, ಬರೆಯಿರಿ. ಕಾಲು ಕಿಲೋ ಬಾಕ್ಸ್ ಮನೆಗೆ ತರಬೇಡಿ.

ಉಪವಾಸದ ದಿನವನ್ನೂ ಬಿಡಬೇಡಿ. ಶ್ರಾವಣ ಸೋಮವಾರ ಊಟ ಬಿಟ್ಟು ಸಾಬೂದಾಣಿ ಖಿಚಡಿ ತಿಂದರೆ ಅಲ್ಲಿ ಪಿಷ್ಟ, ಶೇಂಗಾ, ತುಪ್ಪ ಮೂರೂ ಒಟ್ಟಿಗೆ ಬರುತ್ತವೆ. ಎಷ್ಟೋ ಸಲ ಅದು ಎರಡು ರೊಟ್ಟಿ ಊಟಕ್ಕಿಂತ ಭಾರ.

ಕೊನೆಗೆ ಭಾನುವಾರ. ನಮ್ಮ ಶಿಕ್ಷಕಿ ಆರು ದಿನ ಉಳಿಸಿದ್ದು ಸುಮಾರು 1,440 ಕ್ಯಾಲರಿ. ಮಧ್ಯಾಹ್ನ ಸಾವಜಿ ಊಟ, ಸಂಜೆ ಯಾರದೋ ಮನೆಯ ಕಾರ್ಯಕ್ರಮದಲ್ಲಿ ಹೋಳಿಗೆ-ತುಪ್ಪ, ಮೇಲೆ ಐಸ್‌ಕ್ರೀಮ್. ಸೋಮವಾರದಿಂದ ಶನಿವಾರದವರೆಗೆ ಮಾಡಿದ್ದೆಲ್ಲ ಅಲ್ಲಿಗೆ ಸರಿಹೋಯಿತು. "ವಾರದಾಗ ಒಂದ ದಿನ ಅಲ್ಲೇನ್ರಿ" ಎನ್ನುತ್ತೇವೆ. ಕೊರತೆ ದೊಡ್ಡದಿದ್ದಾಗ ಆ ಒಂದು ದಿನ ನಡೆಯುತ್ತಿತ್ತು, ಈಗ ನಡೆಯುವುದಿಲ್ಲ. ಎರಡರಲ್ಲಿ ಒಂದು ಊಟ ಮನಸಾರೆ ಮಾಡಿ, ಇನ್ನೊಂದು ಎಂದಿನಂತೆ ಇರಲಿ.

ಹೆಜ್ಜೆ 4: ತಟ್ಟೆಯಲ್ಲಿ ಪ್ರೋಟೀನ್ ಹೆಚ್ಚಿಸಿ

ಎರಡು ವಾರದ ಪುಸ್ತಕ ನೋಡಿದರೆ ಸೋರಿಕೆ ಗೊತ್ತಾಗುತ್ತದೆ. ಅದನ್ನು ಮುಚ್ಚಿದ ಜಾಗದಲ್ಲಿ ಪ್ರೋಟೀನ್ ತುಂಬಿ. ಅದು ಹೊಟ್ಟೆ ಹೆಚ್ಚು ಹೊತ್ತು ತುಂಬಿರುವಂತೆ ಮಾಡುತ್ತದೆ, ತೂಕ ಇಳಿಯುವಾಗ ಸ್ನಾಯು ಕರಗದಂತೆ ಕಾಯುತ್ತದೆ. ಸಾಮಾನ್ಯ ಜನರಿಗೆ ಐಸಿಎಂಆರ್ ಹೇಳುವುದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. ತೂಕ ಇಳಿಸುವವರಿಗೆ, ಕಿಡ್ನಿ ಸರಿ ಇದ್ದರೆ, 1.2 ಗ್ರಾಂವರೆಗೆ ಹೋಗುವುದು ಒಳ್ಳೆಯದು. 70 ಕಿಲೋದವರಿಗೆ 84 ಗ್ರಾಂ.

ನಮ್ಮ ಊಟದಲ್ಲಿ ಅದು ಹೇಗೆ ಬರುತ್ತದೆ? ದಿನಕ್ಕೆ ಮೂರು ರೊಟ್ಟಿಯಿಂದ ಸುಮಾರು 18 ಗ್ರಾಂ. 60 ಗ್ರಾಂ ಒಣ ಮಡಿಕೆ ಕಾಳು ಮೊಳಕೆ ಬರಿಸಿ ಪಲ್ಯ ಮಾಡಿದರೆ 14. ಬ್ಯಾಳಿಯಿಂದ 9. ದಿನಕ್ಕೆ 300 ಗ್ರಾಂ ಮೊಸರಿನಿಂದ 10. ಎರಡು ಮೊಟ್ಟೆಯಿಂದ 12, 30 ಗ್ರಾಂ ಸೋಯಾ ಚಂಕ್ಸ್‌ನಿಂದ 15. ಒಟ್ಟು 78. ಒಂದು ಲೋಟ ಹಾಲು ಸೇರಿದರೆ ಗುರಿ ಮುಟ್ಟಿತು. ಮೊಟ್ಟೆ ತಿನ್ನದವರು ಪನೀರು, ಇನ್ನಷ್ಟು ಕಾಳು ಸೇರಿಸಬಹುದು. ಜುಣಕ ಕೂಡ ಒಳ್ಳೆಯ ಆಯ್ಕೆ, ಕಡಲೆ ಹಿಟ್ಟಿನಲ್ಲಿ ಪ್ರೋಟೀನ್ ಚೆನ್ನಾಗಿದೆ. ಆದರೆ ಒಗ್ಗರಣೆಯ ಎಣ್ಣೆ ಅಳೆದು ಹಾಕಿ. ಶೇಂಗಾದಲ್ಲಿ ಪ್ರೋಟೀನ್ ಇದೆಯಲ್ವಾ ಎಂದು ಕೇಳುತ್ತೀರಿ. ಇದೆ, ಅದರ ಸುಮಾರು ಎರಡು ಪಟ್ಟು ಎಣ್ಣೆಯ ಜೊತೆ.

ಈ ಲೆಕ್ಕದಲ್ಲಿ ರೊಟ್ಟಿ ಮೂರೂ ಉಳಿದಿವೆ, ಗಮನಿಸಿ.

ಹೆಜ್ಜೆ 5: ವಾಕಿಂಗ್ ಉದ್ದ ಮಾಡಬೇಡಿ, ಭಾರ ಎತ್ತಿ

70 ಕಿಲೋದ ಮನುಷ್ಯ ಸಮತಟ್ಟಿನಲ್ಲಿ 5 ಕಿ.ಮೀ. ನಡೆದರೆ, ಸುಮ್ನೆ ಕೂತಿದ್ದಕ್ಕಿಂತ ಹೆಚ್ಚಾಗಿ ಖರ್ಚಾಗುವುದು 175-200 ಕ್ಯಾಲರಿ. ಮೈ ಹಗುರ ಆದಷ್ಟೂ ಇದು ಇಳಿಯುತ್ತದೆ. ವಾಕಿಂಗ್ ಮುಗಿಸಿ ಗೆಳೆಯರ ಜೊತೆ ಇಡ್ಲಿ-ವಡಾ, ಚಾ ಆದರೆ ಖರ್ಚಿಗಿಂತ ಜಮಾ ಜಾಸ್ತಿ. ಕೈಗಡಿಯಾರ ತೋರಿಸುವ ಕ್ಯಾಲರಿ ನಂಬಿ ಅಷ್ಟನ್ನು ತಿನ್ನುವುದಂತೂ ಬೇಡವೇ ಬೇಡ, ಅವು ಬಹಳ ಸಲ ತಪ್ಪಿರುತ್ತವೆ.

ವಾಕಿಂಗ್ ಬಿಡಬೇಡಿ, ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಅದು ಬೇಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ವ್ಯಾಯಾಮದ ಜೊತೆ, ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು ಮಾಡಿ ಎನ್ನುತ್ತದೆ. ಈ ಎರಡನೇ ಭಾಗವನ್ನು ಬಹಳ ಜನ ಮರೆಯುತ್ತಾರೆ, ಹೆಂಗಸರಂತೂ ತಮಗಲ್ಲ ಅಂದುಕೊಂಡಿರುತ್ತಾರೆ. ಗರಡಿಮನೆಗಳಿದ್ದ ಸೀಮೆ ನಮ್ಮದು. ಬಸ್ಕಿ, ದಂಡ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ವಾರಕ್ಕೆ ಎರಡು ದಿನ, ಅರ್ಧ ಗಂಟೆ ಸಾಕು. ಕುರ್ಚಿಯ ಮೇಲೆ ಕೂತು ಏಳುವುದರಿಂದ ಶುರು ಮಾಡಿ, ಮೊಣಕಾಲು ಒಗ್ಗಿದ ಮೇಲೆ ಬಸ್ಕಿಗೆ ಹೋಗಿ. ಗೋಡೆಗೆ ಕೈ ಊರಿ ದಂಡ, ಆಮೇಲೆ ಕಟ್ಟೆಗೆ, ಆಮೇಲೆ ನೆಲಕ್ಕೆ. 5 ಕಿಲೋ ಹಿಟ್ಟಿನ ಚೀಲ ಎದೆಗವಚಿ ಏಳುವುದು-ಕೂರುವುದು, ಎರಡು ಕೈಯಲ್ಲಿ ನೀರಿನ ಬಾಟಲಿ ಹಿಡಿದು ಬಾಗಿ ಹಿಂದಕ್ಕೆ ಎಳೆಯುವುದು. ಪ್ರತಿಯೊಂದನ್ನೂ 8ರಿಂದ 12 ಸಲ, ಮೂರು ಸುತ್ತು. ಕೊನೆಯ ಎರಡು ಕಷ್ಟ ಅನಿಸಬೇಕು. ಸುಲಭ ಆಯಿತು ಅಂದ ದಿನ ಭಾರ ಹೆಚ್ಚಿಸಿ. ಬಿಪಿ ಹೆಚ್ಚಿರುವವರು ಉಸಿರು ಕಟ್ಟಿ ಎತ್ತಬಾರದು.

ವಾಕಿಂಗ್‌ನಲ್ಲೇ ಬದಲಾವಣೆ ಬೇಕಾದರೆ ವಾರಕ್ಕೊಮ್ಮೆ ಏರು ಹತ್ತಿ. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ ಇದೆ. ಧಾರವಾಡದವರಿಗೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣದ ಏರಿಳಿತಗಳೇ ಸಾಕು. ಗದಗಿನವರು ರಜೆಯ ದಿನ ಕಪ್ಪತಗುಡ್ಡದ ಕಡೆ ಹೋಗಬಹುದು.

ವಾಕಿಂಗ್ ಬಿಟ್ಟು ಉಳಿದ 23 ಗಂಟೆ ಏನು ಮಾಡುತ್ತೀರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬೆಳಿಗ್ಗೆ ಒಂದು ತಾಸು ನಡೆದು ದಿನವಿಡೀ ಅಂಗಡಿ ಗಲ್ಲೆಯ ಮೇಲೆ ಕೂತರೆ ಲಾಭ ಕಡಿಮೆ. ಚಿಗರಿ ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿಯಿರಿ, ಫೋನ್ ಬಂದಾಗ ಎದ್ದು ಅಡ್ಡಾಡಿ.

ಹೆಜ್ಜೆ 6: ನಿದ್ದೆ

ಏಳು ಗಂಟೆ. ಕಡಿಮೆ ನಿದ್ದೆಯಾದ ಮರುದಿನ ಹಸಿವು ಹೆಚ್ಚುತ್ತದೆ, ಅದೂ ಸಿಹಿ-ಕರಿದದ್ದರ ಕಡೆಗೆ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತಂತಾಗಿ, ಹಗಲು ತೂಕಡಿಸುವವರು ಇದನ್ನು ಡಾಕ್ಟರಿಗೆ ಹೇಳಲೇಬೇಕು.

ಹೆಜ್ಜೆ 7: ಆರು ತಿಂಗಳಿಂದ ಡಯಟ್‌ನಲ್ಲೇ ಇದ್ದರೆ, ಎರಡು ವಾರ ಬಿಡುವು

ಇದು ಕೇಳಲು ತಲೆಕೆಳಗು ಅನಿಸುತ್ತದೆ. ಬಹಳ ದಿನದಿಂದ ಕಟ್ಟುನಿಟ್ಟಾಗಿದ್ದು ಬೇಸತ್ತವರು ಎರಡು ವಾರ ಕೊರತೆ ಇಲ್ಲದೆ, ಈಗಿನ ತೂಕ ಉಳಿಸಿಕೊಳ್ಳುವಷ್ಟು ಊಟ ಮಾಡಬಹುದು. ನಮ್ಮ ಶಿಕ್ಷಕಿಗೆ ಅದು 1,800 ಚಿಲ್ಲರೆ. ಹೀಗೆ ಬಿಡುವು ಕೊಟ್ಟರೆ ಕೊಬ್ಬು ವೇಗವಾಗಿ ಕರಗುತ್ತದೆ ಎಂಬ ಬಗ್ಗೆ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ನಾನು ಇದನ್ನು ಹೇಳುವುದು ಮನಸ್ಸಿಗಾಗಿ. ಬಿಡುವು ಇಲ್ಲದವರು ಒಂದು ದಿನ ಪೂರ್ತಿಯಾಗಿಯೇ ಕೈಬಿಡುತ್ತಾರೆ.

ಇದಕ್ಕೆ ಪಂಚಮಿಯನ್ನೋ ದೀಪಾವಳಿಯನ್ನೋ ಆರಿಸಿಕೊಳ್ಳಿ. ಹೇಗೂ ಮನೆ ತುಂಬ ಉಂಡಿ ಇರುತ್ತವೆ, ಕದ್ದು ತಿನ್ನುವ ಬದಲು ಲೆಕ್ಕದಲ್ಲಿ ತಿನ್ನಿ. ಶೇಂಗಾ ಉಂಡಿ ದಿನಕ್ಕೊಂದು ಎಂದು ಮೊದಲೇ ಗೊತ್ತು ಮಾಡಿ. ಕಸರತ್ತು ನಡೆಯುತ್ತಿರಲಿ. ಆ ಎರಡು ವಾರದಲ್ಲಿ ತೂಕ ಒಂದು ಕಿಲೋ ಏರಿದರೆ ಹೆದರಬೇಡಿ, ಅದರಲ್ಲಿ ಹೆಚ್ಚಿನದು ವಾಪಸು ಬಂದ ಗ್ಲೈಕೋಜನ್ ಮತ್ತು ನೀರು.

ಹೆಜ್ಜೆ 8: ಇಷ್ಟಾದ ಮೇಲೂ ಅಲುಗದಿದ್ದರೆ

ಮೇಲಿನದನ್ನೆಲ್ಲ ಮಾಡಿ ಆರೆಂಟು ವಾರ ಕಳೆದರೂ ಸರಾಸರಿ ಇಳಿಯದಿದ್ದರೆ ದಿನದ ಊಟದಿಂದ 100-150 ಕ್ಯಾಲರಿ ಇಳಿಸಿ. ಅದಕ್ಕಿಂತ ಹೆಚ್ಚು ಬೇಡ. ಬೇಕಿದ್ದರೆ ಅರ್ಧ ರೊಟ್ಟಿಗೆ ಈಗ ಕೈ ಹಾಕಬಹುದು. ಡಾಕ್ಟರ್ ನೋಡಿಕೊಳ್ಳದೆ ದಿನಕ್ಕೆ 1,200 ಕೆಳಗೆ ಹೋಗಬೇಡಿ.

ಡಾಕ್ಟರ್ ಹತ್ತಿರ ಹೋಗುವ ಸಮಯವೂ ಇದೇ. ಚಳಿ ತಡೆಯದಿರುವುದು, ಕೂದಲು ಉದುರುವುದು, ಮಲಬದ್ಧತೆ, ಸದಾ ಸುಸ್ತು ಇದ್ದರೆ ಥೈರಾಯ್ಡ್‌ಗೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ, ಗದ್ದದ ಮೇಲೆ ಕೂದಲು ಬರುತ್ತಿದ್ದರೆ ಪಿಸಿಒಡಿ ಇದೆಯೇ ಎಂದು ಕೇಳಿ. ತೆಗೆದುಕೊಳ್ಳುವ ಗುಳಿಗೆಗಳ ಚೀಟಿ ಮರೆಯದೆ ಒಯ್ಯಿರಿ. ಸ್ಟೀರಾಯ್ಡ್, ಇನ್ಸುಲಿನ್, ಸಕ್ಕರೆಯ ಕೆಲವು ಗುಳಿಗೆಗಳು, ಕೆಲವು ಮಾನಸಿಕ ಕಾಯಿಲೆಯ ಮತ್ತು ಬಿಪಿಯ ಔಷಧಗಳು ತೂಕ ಏರಿಸಬಲ್ಲವು. ನೀವಾಗಿಯೇ ನಿಲ್ಲಿಸಬೇಡಿ, ಬದಲಿ ಇದೆಯೇ ಎಂದು ಕೇಳಿ. ಏನೂ ಮಾಡದೆ ತೂಕ ತಾನಾಗಿ ಏರುತ್ತಲೇ ಇದ್ದರೆ, ಕಾಲು ಬಾತುಕೊಂಡರೆ, ಉಸಿರು ಕಟ್ಟಿದರೆ ಆರು ವಾರ ಕಾಯುವ ಮಾತೇ ಇಲ್ಲ, ಆವತ್ತೇ ಹೋಗಿ.

ಅಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಇನ್ನೂ ಇಳಿಸಬೇಕೇ? 78ರಿಂದ 70ಕ್ಕೆ ಬಂದ ಶಿಕ್ಷಕಿ ತಮ್ಮ ತೂಕದ 10% ಇಳಿಸಿದ್ದಾರೆ. ಬಿಪಿ, ಸಕ್ಕರೆ, ಮೊಣಕಾಲು ನೋವು ಸುಧಾರಿಸಲು 5ರಿಂದ 10% ಇಳಿತವೇ ಸಾಕಾಗುತ್ತದೆ. ಅವರ ಎತ್ತರಕ್ಕೆ ಇನ್ನೂ ಇಳಿಸಲು ಜಾಗ ಇದೆ, ಆದರೆ ಅದು ಇದೇ ವರ್ಷ ಆಗಬೇಕೆಂದೇನಿಲ್ಲ. ಒಂದಾರು ತಿಂಗಳು 70ರಲ್ಲೇ ನಿಲ್ಲಿಸಿ ಇಟ್ಟು, ರಕ್ತಪರೀಕ್ಷೆ ಮತ್ತೊಮ್ಮೆ ಮಾಡಿಸಿ, ಆಮೇಲೆ ಮುಂದಿನ ಐದು ಕಿಲೋಗೆ ಕೈ ಹಚ್ಚಬಹುದು.